ಉಸುಕಿನೊಳಗೆ ಮಲಗಿದ ಮದುಮಗಳು

ಊರಿನ ಬೋರ್ಡುಗಳ ಮೇಲೆಲ್ಲ ‘ವಿಜಯಪುರ’ ಅಂತ ಹೊಸ ಬಣ್ಣ ಬಳಿದಾಗಿತ್ತು, ಜನರ ಬಾಯಲ್ಲಿ ಮಾತ್ರ ಇನ್ನೂ ಬಿಜಾಪುರವೇ ಇತ್ತು. ಆ ಕಾಲಕ್ಕೆ ನಾನು ಐದನೇ ಇಯತ್ತೆಯ ಹುಡುಗಿ. ಆ ವಯಸ್ಸಿನಲ್ಲಿ ಸಾಲಿ ಬಿಟ್ಟ ಮೇಲೆ ನೀವೆಲ್ಲ ಕುಂಟೆಬಿಲ್ಲೆ ಆಡಿದ್ದೀರಿ, ಚಿಣಿಪಣಿ ಆಡಿದ್ದೀರಿ, ಯಾರದೋ ಹೊಲದ ಹಸಿ ಕಡಲೆ ಕಿತ್ತು ತಿಂದು ಬೈಸಿಕೊಂಡಿದ್ದೀರಿ. ನಾನು ಮೀನು ಮಲಗುವುದನ್ನು ನೋಡುತ್ತಿದ್ದೆ. ನಗುವವರು ನಕ್ಕುಬಿಡಿ. ಆಗಲೂ ಜನ ನಕ್ಕಿದ್ದರು, ನನಗೇನೂ ಆಗಲಿಲ್ಲ.

ಸೊಲ್ಲಾಪುರ ರಸ್ತೆಯ ಮೇಲೆ ಒಂದು ಹಲ್ಲಿನ ದವಾಖಾನೆ ಇತ್ತು. ಅದರ ಹೊರಕೋಣೆಯಲ್ಲಿ, ಪೇಷಂಟುಗಳು ಕೂಡುವ ಸೋಫಾದ ಎದುರಿಗೆ, ಗೋಡೆಯುದ್ದಕ್ಕೂ ಒಂದು ಗಾಜಿನ ಪೆಟ್ಟಿಗೆ. ಒಳಗೆ ಸಮುದ್ರದ ಕಲ್ಲು, ನಾಲ್ಕು ಬೆರಳು ದಪ್ಪ ಬಿಳಿ ಉಸುಕು, ಸಮುದ್ರದ ಮೀನುಗಳು. ಹಲ್ಲು ಕೀಳಿಸಿಕೊಳ್ಳಲು ಬಂದವರ ಭಯ ಇಳಿಯಲಿ ಅಂತ ಡಾಕ್ಟರ್ ಸಾಹೇಬರು ಅದನ್ನು ಇಡಿಸಿದ್ದರು. ಫಿಲ್ಟರ್ ನೀರಿಗೆ ಪಾಕೀಟಿನ ಉಪ್ಪು ಕಲಸಿ ಸಮುದ್ರದ ನೀರು ಮಾಡುತ್ತಿದ್ದರು. ಅಥಣಿ ರಸ್ತೆಯ ನಮ್ಮ ಬಾಡಿಗೆ ಖೋಲಿಯ ಬೋರಿನ ನೀರು ಮೊದಲೇ ಸವಳು. ಬ್ಯಾಳಿ ಕುದಿಯುತ್ತಿರಲಿಲ್ಲ, ಸಾಬೂನು ನೊರೆ ಬರುತ್ತಿರಲಿಲ್ಲ. ಇಷ್ಟು ರೊಕ್ಕ ಕೊಟ್ಟು ಉಪ್ಪು ತರುವ ಬದಲು ನಮ್ಮ ಮನೆಯ ಎರಡು ಕೊಡ ನೀರು ಒಯ್ದಿದ್ದರೆ ಸಾಕಿತ್ತು ಅಂತ ಅವ್ವ ಅನ್ನುತ್ತಿದ್ದಳು.

ಅವ್ವ ಆ ದವಾಖಾನೆಯಲ್ಲಿ ಕಸ ಹೊಡೆದು ನೆಲ ಒರೆಸುವ ಕೆಲಸಕ್ಕಿದ್ದಳು. ಅಪ್ಪ ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಲ್ಲಿ ದುಡಿಯುತ್ತಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಹಾಗಾಗಿ ಸಾಲಿ ಬಿಟ್ಟೊಡನೆ ನಾನು ಪಾಟಿಚೀಲ ಹೊತ್ತು ನೇರ ದವಾಖಾನೆಗೇ ಬರುತ್ತಿದ್ದೆ. ಲವಂಗದ ಎಣ್ಣೆ, ಫಿನಾಯಿಲ್, ಆ ಪೆಟ್ಟಿಗೆಯ ಉಪ್ಪುಪ್ಪು ವಾಸನೆ, ಮೂರೂ ಕೂಡಿದ ಗಾಳಿಯಲ್ಲಿ ಮೂಲೆಯ ನೆಲದ ಮೇಲೆ ಕೂತು ಬರೆಯುತ್ತಿದ್ದೆ. ಸೋಫಾದ ಮೇಲೆ ಕೂಡುತ್ತಿರಲಿಲ್ಲ. ಕೂಡಬೇಡ ಅಂತ ಯಾರೂ ಹೇಳಿರಲಿಲ್ಲ, ಆದರೂ ಕೂಡುತ್ತಿರಲಿಲ್ಲ.

ದವಾಖಾನೆಯ ಚಾವಿ ಅವ್ವನ ಹತ್ತಿರ ಇರುತ್ತಿತ್ತು. ಮುಂಜಾನೆ ಆರೂವರೆಗೆ ಬಾಗಿಲು ತೆಗೆಯುವವಳೂ ಅವಳೇ, ರಾತ್ರಿ ಎಂಟೂವರೆಗೆ ಹಾಕುವವಳೂ ಅವಳೇ. ರಜೆ ದಿನ ಹೋಗಿ ಮೀನಿಗೆ ಒಂದು ಚಿಟಿಕೆ ಕಾಳು ಹಾಕಿ ಬರುವುದೂ ಅವಳದೇ ಕೆಲಸ. ಆ ಚಾವಿಯನ್ನು ಅವಳು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಗಿಸಿಕೊಂಡು ಓಣಿಯಲ್ಲಿ ನಡೆಯುವ ಗತ್ತೇ ಬೇರೆ ಇತ್ತು.

ಎಂಟಕ್ಕೆ ಕೊನೆಯ ಪೇಷಂಟು ಹೋದ ಮೇಲೆ ಅವ್ವ ಪೆಟ್ಟಿಗೆಯ ಬಿಳಿ ದೀಪ ಆರಿಸುತ್ತಿದ್ದಳು. ನೀಲಿ ದೀಪವೊಂದು ಉಳಿಯುತ್ತಿತ್ತು. ನೆಲ ಒರೆಸಿ ಮುಗಿಸಲು ಅವಳಿಗೆ ಅರ್ಧ ತಾಸು ಬೇಕು, ಆ ಅರ್ಧ ತಾಸು ನನ್ನದು. ನಾನು ಗಾಜಿಗೆ ಮೂಗು ಹಚ್ಚಿ ನಿಲ್ಲುತ್ತಿದ್ದೆ. ಬಿಳಿ ಪಟ್ಟಿಯ ಕೇಸರಿ ಮೀನುಗಳ ಜೋಡಿಯೊಂದಿತ್ತು, ಅವು ಪಂಪಿನ ಹತ್ತಿರದ ಮೂಲೆಗೆ ಹೋಗಿ ಒಂದರ ಪಕ್ಕ ಒಂದು ವಾಲಿಕೊಂಡು ತೂಗಾಡುತ್ತಿದ್ದವು. ಇನ್ನೊಂದು ನೀಲಿ ಮೀನು, ಹಗಲೆಲ್ಲ ಎಲ್ಲರನ್ನೂ ಅಟ್ಟಿಸಿಕೊಂಡು ತಿರುಗುವ ಗೂಂಡಾ. ಕತ್ತಲಾದರೆ ಸಾಕು, ಕಲ್ಲಿನ ಸಂದಿಯಲ್ಲಿ ಅಡ್ಡಡ್ಡ ತೂರಿಕೊಂಡು ಗಟ್ಟಿಯಾಗಿ ಕೂತುಬಿಡುತ್ತಿತ್ತು. ನೂರು ಸಲ ಒಗೆದ ಅಂಗಿಯ ಹಾಗೆ ಮೈಬಣ್ಣವೇ ಮಾಸಿ ಹೋಗುತ್ತಿತ್ತು. ಆರು ಗೆರೆಯ ಒಂದು ಸಣ್ಣದಿತ್ತು. ಅದು ತೂತಿನೊಳಗೆ ಸೇರಿ ತನ್ನದೇ ಲೋಳೆಯಿಂದ ಮೈ ಸುತ್ತ ತೆಳ್ಳನೆಯ ಪೊರೆ ಮಾಡಿಕೊಳ್ಳುತ್ತಿತ್ತು, ಥೇಟು ಸೊಳ್ಳೆಪರದೆ. ಕಣ್ಣು ಮಾತ್ರ ಯಾವುದೂ ಮುಚ್ಚುತ್ತಿರಲಿಲ್ಲ. ಮೀನಿಗೆ ರೆಪ್ಪೆಯೇ ಇಲ್ಲ, ಏನನ್ನು ಮುಚ್ಚಬೇಕು?

ನೀಲಿ ದೀಪವೂ ಆರಿದ ಮೇಲೆ ಅವ್ವನ ಮೊಬೈಲಿನ ಟಾರ್ಚ್ ಹಿಡಿದರೆ ಎಲ್ಲವೂ ಬೆಚ್ಚಿ ಎದ್ದುಬಿಡುತ್ತಿದ್ದವು. ಅದೇ ಟಾರ್ಚಿಗೆ ಅವ್ವನ ಕೆಂಪು ಸೀರೆಯ ಸೆರಗು ಸುತ್ತಿ ಹಿಡಿದರೆ ಒಂದೂ ಅಲುಗುತ್ತಿರಲಿಲ್ಲ. ಇದನ್ನು ನನಗೆ ಯಾವ ಮಾಸ್ತರರೂ ಕಲಿಸಿದ್ದಲ್ಲ, ನಾನೇ ಕಂಡುಕೊಂಡದ್ದು. ಅವ್ವ ಪೊರಕೆ ಗೋಡೆಗೆ ಆನಿಸಿ ತಾನೂ ಬಂದು ಬಗ್ಗಿ ನೋಡುತ್ತಿದ್ದಳು. ಕೆಲಸಕ್ಕೆ ಸೇರಿದ ಮೊದಲ ಮುಂಜಾನೆ, ದೀಪ ಹಾಕುವ ಮುಂಚೆ, ಆ ಕೇಸರಿ ಜೋಡಿ ಅಡ್ಡ ಬಿದ್ದದ್ದನ್ನು ಕಂಡು ಸತ್ತೇ ಹೋದವು ಅಂದುಕೊಂಡಿದ್ದಳಂತೆ. ತನ್ನ ಮೇಲೆ ಬರುತ್ತದಲ್ಲ ಅಂತ ಅಳುತ್ತ ಕೂತಿದ್ದಳಂತೆ. ದೀಪ ಹಾಕಿ ಹತ್ತು ನಿಮಿಷಕ್ಕೆ ಅವು ಎದ್ದು ಕಾಳಿಗೆ ಬಾಯಿ ತೆರೆದಾಗ ಅವುಗಳಿಗೆ ಬೈದ ಬೈಗುಳ ಕೇಳಿದ್ದರೆ ಮತ್ತೊಮ್ಮೆ ಸಾಯುತ್ತಿದ್ದವು.

ಅದು ಸೀತನಿ ಕಾಲ. ಅಪ್ಪ ತಿಕೋಟಾದಿಂದ ಎಳೆ ಜೋಳದ ತೆನೆ ತಂದಿದ್ದ, ಸುಟ್ಟು ತಿಕ್ಕಿ, ಬೆಲ್ಲ ಶೇಂಗಾಹಿಂಡಿ ಹಚ್ಚಿಕೊಂಡು ತಿನ್ನುತ್ತಿದ್ದೆವು. ಆ ಶನಿವಾರ ಸಂಜೆ ಸೊಲ್ಲಾಪುರದಿಂದ ಮೀನು ತಂದುಕೊಡುವವನು ಹೊಸದೊಂದನ್ನು ತಂದ. ಮೈಯೆಲ್ಲ ಅರಿಷಿಣ, ನಿಂಬೆಕಾಯಿಗಿಂತ ಹಳದಿ, ಬೆರಳಿನುದ್ದ. ನಾನು ಕಂಡೊಡನೆ ಮದುಮಗಳು ಅಂತ ಹೆಸರಿಟ್ಟೆ. ಡಾಕ್ಟರ್ ಸಾಹೇಬರು ಫೋಟೋ ತೆಗೆದರು, ಪೇಷಂಟುಗಳು ಬಾಯಿ ನೋವು ಮರೆತು ನೋಡಿದರು. ಅರ್ಧ ತಾಸಿನಲ್ಲಿ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋದರು. ದೀಪ ಇನ್ನೂ ಉರಿಯುತ್ತಿತ್ತು. ಮದುಮಗಳು ಒಂದು ಮೂಲೆಗೆ ಹೋಯಿತು, ತಲೆ ಕೆಳಗೆ ಮಾಡಿತು, ಮೈ ಒಮ್ಮೆ ಝಾಡಿಸಿತು. ಉಸುಕು ಹೊಗೆಯ ಹಾಗೆ ಎದ್ದು ಇಳಿಯಿತು. ಮೀನು ಮಾಯ!

ನಾನು ಓಡಿಹೋಗಿ ಅವ್ವನಿಗೆ ಹೇಳಿದೆ. ದೀಪ ಹಚ್ಚುವ ಹೊತ್ತಿಗೆ ಮಲಗುವ ಮದುಮಗಳು ಯಾವ ಮನೆ ಉದ್ಧಾರ ಮಾಡುತ್ತಾಳೆ ಅಂತ ಅವ್ವ ನಕ್ಕಳು. ನಾವಿಬ್ಬರೂ ಮರೆತೆವು.

ರವಿವಾರ ಅವ್ವ ಒಬ್ಬಳೇ ಹೋಗಿ ಕಾಳು ಹಾಕಿ ಬಂದಳು. ಸೋಮವಾರ ಸಂಜೆ ನಾನು ಒಳಗೆ ಕಾಲಿಟ್ಟರೆ ಕೌಂಟರಿನ ಶ್ರೀಶೈಲ ಪೆಟ್ಟಿಗೆಯ ಮುಂದೆ ನಿಂತಿದ್ದ. ಪೇಷಂಟುಗಳ ಹೆಸರು ಬರೆದು ಚೀಟಿ ಕೊಡುವವನು ಅವನು, ಇಟ್ಟಂಗಿಹಾಳದಿಂದ ಬೈಕಿನ ಮೇಲೆ ಬರುತ್ತಿದ್ದ. ಕೆಟ್ಟವನು ಅನ್ನಲಾರೆ, ಒಂದೆರಡು ಸಲ ನನಗೆ ಚಾಕಲೇಟ್ ಕೊಟ್ಟವನೇ. ಆದರೆ ಮೀನು ಕಾಣದಿದ್ದರೆ ಸಾಹೇಬರು ಮೊದಲು ಕೇಳುವುದು ಅವನನ್ನೇ. ಸೊಲ್ಲಾಪುರದವನಿಗೆ ಫೋನ್ ಹಚ್ಚಿದ್ದನಂತೆ. ಹೊರಗೆ ಜಿಗಿದಿರಬೇಕು, ಸುತ್ತ ಹುಡುಕಿ ಅಂದನಂತೆ ಅವನು. ಪೆಟ್ಟಿಗೆಗೆ ಮುಚ್ಚಳ ಇತ್ತು. ಆದರೂ ಸೋಫಾ ಸರಿಸಿ ಹುಡುಕಿದ್ದರು. ಒಣಗಿದ ಮೀನೂ ಸಿಕ್ಕಿರಲಿಲ್ಲ.

ಅದು ಉಸುಕಿನಲ್ಲಿ ಮಲಗಿದೆ, ನಾನು ಕಣ್ಣಾರೆ ನೋಡಿದ್ದೇನೆ ಅಂತ ಹೇಳಿದೆ.

“ಶನಿವಾರ ಮಲಗಿದ್ದು ಸೋಮವಾರ ಆದ್ರೂ ಎದ್ದಿಲ್ಲೇನು?” ಅಂದ ಶ್ರೀಶೈಲ.

ಹೊಸ ಜಾಗಕ್ಕೆ ಬಂದ ಆ ಜಾತಿಯ ಮೀನು ಹೆದರಿ ನಾಲ್ಕೈದು ದಿನ ಉಸುಕಿನಿಂದ ಮೇಲೇ ಬರುವುದಿಲ್ಲ ಅನ್ನುವುದು ಆಮೇಲೆ, ಎಷ್ಟೋ ವರ್ಷದ ಮೇಲೆ ಓದಿ ತಿಳಿದದ್ದು. ಅವನು ಪರದೆಯ ಕೋಲು ತಂದು ಉಸುಕು ಕೆದರಲು ಹೋದ. ಆ ಕೋಲು ಎಲ್ಲಿ ಅದರ ಕಣ್ಣಿಗೆ ಚುಚ್ಚುತ್ತದೋ ಅಂತ ನಾನು ಅವನ ಕೈಗೆ ಜೋತುಬಿದ್ದೆ, ಬೇಡ ಬೇಡ ಅಂತ ಚೀರಿದೆ. ಅಲ್ಲೇ ತಪ್ಪಾಯಿತು. ಕೋಲು ಹಾಕಲು ಬಿಡಲೊಲ್ಲಳು ಅಂದರೆ ಉಸುಕಿನಲ್ಲಿ ಏನೂ ಇಲ್ಲ ಅನ್ನುವುದು ಇವಳಿಗೆ ಗೊತ್ತು, ಅಂತ ಅವನಿಗೆ ಲೆಕ್ಕ ಕೂಡಿತು. ಹುಡುಗಿ ಹಗಲೂ ರಾತ್ರಿ ಈ ಪೆಟ್ಟಿಗೆಗೇ ಅಂಟಿಕೊಂಡಿರುತ್ತಾಳೆ, ಡಬ್ಬಿಯಲ್ಲಿ ಹಾಕಿಕೊಂಡು ಒಯ್ದಿರಬೇಕು ಅಂದ. ನನ್ನ ಪಾಟಿಚೀಲ ತೆಗೆದ. ಸೋಫಾ ತುಂಬ ಕೂತ ಜನರೆದುರು ನನ್ನ ಊಟದ ಡಬ್ಬಿ ತೆರೆದ. ಅರ್ಧ ರೊಟ್ಟಿ, ಒಂದಿಷ್ಟು ಹಿಂಡಿ. ನೀರಿನ ಬಾಟಲಿಯನ್ನೂ ಬೆಳಕಿಗೆ ಹಿಡಿದು ನೋಡಿದ. ಹನ್ನೊಂದು ವರ್ಷ ಕಳೆದರೂ ಆ ಬಾಟಲಿ ಹಿಡಿದ ಕೈ ನೆನಪಾದರೆ ನನಗೆ ಮೈ ಉರಿಯುತ್ತದೆ.

ಬಕೆಟ್ ಹಿಡಿದು ಬಂದ ಅವ್ವ ಇದನ್ನು ನೋಡಿದಳು. ಬಕೆಟ್ ಕೆಳಗಿಟ್ಟಳು. ಅಲ್ಲಿಗೆ ಶ್ರೀಶೈಲ ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ ಮಾಡಿದ. ಕೌಂಟರಿನ ಹಿಂದಿನ ಗಣಪತಿ ಫೋಟೋ ತೋರಿಸಿ, ಮುಟ್ಟಿ ಆಣೆ ಮಾಡು ಅಂತ ಅವ್ವನಿಗೆ ಹೇಳಿದ. ಆಣೆ ಮಾಡಿದರೆ ಮುಗಿಯಿತು, ಮಾಡದಿದ್ದರೆ ಕಳ್ಳಿ. ನಮ್ಮ ಮನೆಯಲ್ಲಿ ದೇವರ ಜಗುಲಿ ಇಲ್ಲ, ಬುದ್ಧನ ಪಟ ಒಂದಿದೆ. ಆದರೆ ಅವ್ವ ಹಿಂದೆ ಸರಿದದ್ದು ಅದಕ್ಕಲ್ಲ.

“ದಿನಾ ಆ ಫೋಟೋ ವರಸಾಕಿ ನಾನ. ಮುಟ್ಟಾಕ ಹೆದರಂಗಿಲ್ಲ,” ಅಂದಳು. “ಆದ್ರ ನಾ ಒಬ್ಬಾಕಿನ ಯಾಕ ಮಾಡ್ಲಿ? ಮದಲ ನೀವ್ ಮಾಡ್ರಿ, ಆಮ್ಯಾಲ ಸಾಹೇಬ್ರು ಮಾಡ್ಲಿ. ಮೂರನೇದಾಕಿ ನಾ ಮಾಡ್ತೀನಿ.”

ಸೋಫಾದ ಮೇಲಿನವರು ಹಲ್ಲುನೋವು ಮರೆತು ಕೂತರು. ಎಷ್ಟು ಸೊಕ್ಕು ನೋಡು ಅಂತ ಯಾರೋ ಅಂದರು. ಹೌದ್ರೀ, ಸೊಕ್ಕೇ. ಇಲ್ಲಿ ನೆಲ ಒರೆಸುವವಳಿಗೆ ಸೊಕ್ಕು ಇರಬಾರದು ಅಂತ ಯಾವ ಬೋರ್ಡಿನ ಮೇಲೆ ಬರೆದಿತ್ತು? ಅಷ್ಟರಲ್ಲಿ ಡಾಕ್ಟರ್ ಸಾಹೇಬರು ಹೊರಗೆ ಬಂದರು. ಒಳ್ಳೆಯ ಮನುಷ್ಯ, ಅವ್ವನ ಮೇಲೆ ಎಂದೂ ದನಿ ಏರಿಸಿದವರಲ್ಲ. ಎಲ್ಲ ಕೇಳಿಸಿಕೊಂಡರು. ಅವ್ವನ ಮುಖ ನೋಡಲಿಲ್ಲ. ನೀನೇ ಬಗೆಹರಿಸು ಅಂತ ಶ್ರೀಶೈಲನಿಗೆ ಹೇಳಿ ಒಳಗೆ ಹೋಗಿ ಯಾರದೋ ಹಲ್ಲು ಕೊರೆಯತೊಡಗಿದರು. ಅವನು ಬಗೆಹರಿಸಿದ. ಮೀನು ಸಿಗುವ ತನಕ ಚಾವಿ ಕೌಂಟರಿನಲ್ಲಿ ಇರಲಿ ಅಂದ. ಅವ್ವ ಸೆರಗಿನ ಗಂಟು ಬಿಚ್ಚಲು ಹೋದಳು. ಬಿಗಿ ಗಂಟು. ಹಲ್ಲಿನಿಂದ ಕಚ್ಚಿ ಬಿಚ್ಚಿಕೊಟ್ಟಳು.

ಮರುದಿನ ಅವ್ವ ಪೊರಕೆ ಹಿಡಿಯಲು ಹೋಗಲಿಲ್ಲ. ಮದುವೆ ಮುಂಜಿಗೆ ಉಡುವ ನೀಲಿ ಸೀರೆ ಉಟ್ಟು, ತಲೆ ಬಾಚಿ, ಹತ್ತು ಗಂಟೆಗೆ ದವಾಖಾನೆಗೆ ಹೋಗಿ ಸೋಫಾದ ಮೇಲೆ ಕೂತಳು. ನಾನು ಸಾಲಿ ಬಿಟ್ಟು ಬಂದಾಗಲೂ ಅಲ್ಲೇ ಕೂತಿದ್ದಳು. ನನ್ನನ್ನೂ ಪಕ್ಕಕ್ಕೆ ಕೂಡಿಸಿಕೊಂಡಳು. ಮೊದಲ ಸಲ ನಾನು ಆ ಸೋಫಾ ಎಷ್ಟು ಮೆತ್ತಗಿದೆ ಅಂತ ನೋಡಿದೆ. ಅದು ಪೇಷಂಟುಗಳು ಕೂಡುವ ಜಾಗ ಅಂತ ಶ್ರೀಶೈಲ ಅಂದದ್ದಕ್ಕೆ ಮುಂಜಾನೆಯೇ ಉತ್ತರ ಕೊಟ್ಟಾಗಿತ್ತಂತೆ.

“ನಂಗೂ ಹಲ್ಲ ಅದಾವ. ಒಂದ ಚೀಟಿ ಬರೀರಿ. ಆ ಮೀನ ಹೊರಗ ಬರೂ ತನಾ ನನ್ನ ಪಾಳಿ ಬರೂದ ಬ್ಯಾಡ.”

ಹೊರಗೆ ಹಾಕಿದ್ದರೆ ಹಾಕಬಹುದಿತ್ತು. ಹಾಕಲಿಲ್ಲ. ಅವಳು ಬಾಯಿ ಮಾಡಲಿಲ್ಲ, ಅಳಲಿಲ್ಲ, ಗಾಜಿನ ಕಡೆ ನೋಡುತ್ತ ಕೂತಿದ್ದಳು ಅಷ್ಟೇ. ಬುಧವಾರವೂ ಕೂತಳು. ನೆಲದ ಮೇಲೆ ಹತ್ತಿಯ ಉಂಡೆ, ಚಪ್ಪಲಿಯ ಧೂಳು ಹಾಗೇ ಬಿದ್ದವು. ಶ್ರೀಶೈಲನೇ ಪೊರಕೆ ಹಿಡಿದು ಕಸವನ್ನು ಈ ಮೂಲೆಯಿಂದ ಆ ಮೂಲೆಗೆ ಮಾಡಿದ. ಮನೆಗೆ ಬಂದ ಮೇಲೆ ನಾನು ಅವ್ವನನ್ನು ಕೇಳಿದೆ, ಮೀನು ನಿಜಕ್ಕೂ ಸತ್ತಿದ್ದರೆ? ಕಲ್ಲಿನ ಸಂದಿಯ ಏಡಿ ತಿಂದುಬಿಟ್ಟಿದ್ದರೆ? ಅವ್ವ ರೊಟ್ಟಿ ಬಡಿಯುತ್ತಿದ್ದಳು. ನೀನು ನೋಡಿದ್ದು ಖರೇನೋ ಸುಳ್ಳೋ ಅಂತ ಅಷ್ಟೇ ಕೇಳಿದಳು. ಖರೆ ಅಂದೆ. ಮತ್ತೆ ಬಡಿಯತೊಡಗಿದಳು. ನಾನು ಒಬ್ಬಳು ನೋಡಿದ್ದರ ಮೇಲೆ ಅವ್ವ ಕೆಲಸ, ಹೆಸರು ಎಲ್ಲ ಒತ್ತೆ ಇಟ್ಟು ಕೂತಿದ್ದಾಳೆ ಅಂತ ನನಗೆ ಆ ರಾತ್ರಿ ತಿಳಿಯಿತು. ಶನಿವಾರ ನಾನು ಕಂಡದ್ದು ಬರೀ ಉಸುಕಿನ ಧೂಳೇನೋ ಅಂತ ನನ್ನ ಮೇಲೇ ನನಗೆ ಸಂಶಯ ಬಂತು.

ಗುರುವಾರ ನಾನು ಸಾಲಿಗೆ ಹೋಗಲಿಲ್ಲ. ಅವ್ವನೂ ಹೋಗು ಅನ್ನಲಿಲ್ಲ. ನಮ್ಮ ಪಕ್ಕದಲ್ಲಿ ಬಬಲೇಶ್ವರದ ಒಬ್ಬ ಅಜ್ಜ ಕೂತಿದ್ದ. ಮಂಗಳವಾರವೂ ಬಂದಿದ್ದ, ಅವ್ವನಿಂದ ಕತೆಯೆಲ್ಲ ಕೇಳಿಕೊಂಡಿದ್ದ. ಎಮ್ಮೆ ಕೆಸರಿನಲ್ಲಿ ಕೂತ ಹಾಗೆ ಕೂತಿರಬೇಕು, ಸಾಕಾದ ಮೇಲೆ ಏಳುತ್ತದೆ ಬಿಡವ್ವಾ ಅಂದಿದ್ದ. ಗುರುವಾರ ಅವನಿಗೆ ಇಂಜೆಕ್ಷನ್ ಕೊಟ್ಟು, ದವಡೆ ಜೋಮು ಹಿಡಿಯಲಿ ಅಂತ ಹೊರಗೆ ಕೂಡಿಸಿದ್ದರು. ನಾನು ಕಣ್ಣು ಕೀಳದೆ ಪೆಟ್ಟಿಗೆಯ ಆ ಮೂಲೆಯನ್ನೇ ನೋಡುತ್ತಿದ್ದೆ. ಅಜ್ಜ ಒಮ್ಮೆಲೇ ತನ್ನ ಬಡಿಗೆಯಿಂದ ನೆಲ ಕುಟ್ಟತೊಡಗಿದ. ಮಾತಾಡಲು ನಾಲಿಗೆ ಹೊರಳದೆ ಬರೀ ಆಂ ಊಂ ಅನ್ನುತ್ತ ಬಡಿಗೆ ಎತ್ತಿ ಪೆಟ್ಟಿಗೆಯ ಇನ್ನೊಂದು ಮೂಲೆ ತೋರಿಸಿದ.

ಉಸುಕಿನಿಂದ ಒಂದು ಹಳದಿ ಮೂತಿ ಹೊರಗೆ ಬಂದಿತ್ತು. ಕಣ್ಣು ಅತ್ತ ಇತ್ತ ಹೊರಳಿತು. ಆಮೇಲೆ ಅರ್ಧ ಮೈ, ಆಮೇಲೆ ಪೂರಾ. ಹೊಟ್ಟೆ ಒಳಕ್ಕೆ ಹೋಗಿತ್ತು, ಬಣ್ಣ ಮಾತ್ರ ಅದೇ ಅರಿಷಿಣ. ಮೈ ಕೊಡವಿಕೊಂಡು, ಈ ಊರಿನಲ್ಲಿ ಏನೂ ನಡೆದೇ ಇಲ್ಲ ಅನ್ನುವ ಹಾಗೆ ಈಜತೊಡಗಿತು. ಸೋಫಾದ ಮೇಲಿನವರೆಲ್ಲ ಎದ್ದು ಗಾಜಿನ ಮುಂದೆ ನೆರೆದರು. ನಾನು ಬೋರಾಡಿ ಅತ್ತೆ. ಸಂತೋಷಕ್ಕೆ ಅಂತ ಎಲ್ಲರೂ ತಿಳಿದರು. ನನಗೆ ಬಂದದ್ದು ಸಿಟ್ಟು, ಆ ಮೀನಿನ ಮೇಲೂ ಸಿಟ್ಟು.

ಅವ್ವ ಏಳಲಿಲ್ಲ. ಸಿಕ್ಕಿತಲ್ಲ, ಇನ್ನು ಏಳು ಅಂದ ಶ್ರೀಶೈಲ. ಆದರೂ ಏಳಲಿಲ್ಲ. ಡಾಕ್ಟರ್ ಸಾಹೇಬರೇ ಹೊರಗೆ ಬಂದರು, ಕೈಗವಸು ತೆಗೆದು, ಕೌಂಟರಿನಿಂದ ಚಾವಿ ತೆಗೆದುಕೊಂಡು ಅವ್ವನ ಮುಂದೆ ಹಿಡಿದರು. ಮನಸ್ಸಿಗೆ ಹಚ್ಚಿಕೊಳ್ಳಬೇಡ ಅಂದರು. ಆಗ ಅವ್ವ ಎದ್ದು ನಿಂತಳು.

“ಮೀನ ಸಿಕ್ಕತು, ನಾ ಒಳ್ಳ್ಯಾಕಿ ಆದ್ನಿ. ಅಲ್ಲೇ ಸತ್ತ ಕೊಳತಿದ್ರ ನಾ ಯಾರಾಗ್ತಿದ್ನಿ ಸಾಹೇಬ್ರ?”

ಸಾಹೇಬರು ಚಾವಿ ಹಿಡಿದ ಕೈ ಕೆಳಗಿಳಿಸಿದರು.

“ಚಾವಿ ನಿಮ್ಮ ಹತ್ರನ ಇರ್ಲಿ. ಬಾಗಲಾ ನೀವ್ ತಗೀರಿ, ನಾ ಬಂದ ಕಸಾ ಹೊಡೀತೀನಿ. ನೀವ್ ಮುಚ್ಚೂದ್ರಾಗ ನಾ ಹೊರಗಿರ್ತೀನಿ,” ಅಂದು ಪೊರಕೆ ತರಲು ಹೋದಳು.

ಅಂದಿನಿಂದ ಶ್ರೀಶೈಲ ದಿನಾಲೂ ಆರೂವರೆಗೆ ಬಂದು ಬಾಗಿಲು ತೆಗೆಯಬೇಕಾಯಿತು. ಚಳಿಗೆ ಮಫ್ಲರ್ ಸುತ್ತಿಕೊಂಡು, ಕಣ್ಣು ಕೆಂಪಾಗಿ, ಇಟ್ಟಂಗಿಹಾಳದಿಂದ ಬೈಕಿನ ಮೇಲೆ ನಡುಗುತ್ತ ಬರುತ್ತಿದ್ದ. ರಾತ್ರಿ ಕೀಲಿ ಹಾಕಲೂ ಅವನೇ. ಎರಡು ವಾರಕ್ಕೆ ಸಾಕಾಗಿ, ಚಾವಿ ತಗೋ ನಮ್ಮವ್ವಾ ಅಂತ ಕೈ ಮುಗಿದ. ಅವ್ವ ತಗೊಳ್ಳಲಿಲ್ಲ. ಆ ದವಾಖಾನೆಯಲ್ಲಿ ಮುಂದೆ ನಾಲ್ಕು ವರ್ಷ ದುಡಿದಳು, ಒಂದು ದಿನವೂ ಆ ಚಾವಿ ಮುಟ್ಟಲಿಲ್ಲ. ನಮ್ಮ ಓಣಿಯ ಹೆಂಗಸರು ಇದನ್ನು ಹೇಳಿ ಹೇಳಿ ನಗುತ್ತಿದ್ದರು. ನಾನೂ ಹೆಮ್ಮೆಯಿಂದ ಸಾಲಿಯಲ್ಲಿ ಹೇಳಿದೆ.

ಹೆಮ್ಮೆಗೆ ನಾನು ಏನು ತೆತ್ತೆ ಅನ್ನುವುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಅವ್ವ ಎಂಟಕ್ಕೆ ಮೊದಲೇ, ಬಿಳಿ ದೀಪ ಉರಿಯುತ್ತಿರುವಾಗಲೇ ನೆಲ ಒರೆಸಿ ಹೊರಬೀಳುತ್ತಿದ್ದಳು. ದೀಪ ಆರಿಸುವವನು ಶ್ರೀಶೈಲ. ಸಾಲಿ ಇಲ್ಲದ ದಿನ ಮುಂಜಾನೆ ಅವ್ವನ ಜೊತೆ ಹೋದರೂ, ನಾವು ಹೋಗುವಷ್ಟರಲ್ಲಿ ದೀಪ ಹಾಕಿರುತ್ತಿದ್ದ. ನಾನು ನೋಡುವಾಗೆಲ್ಲ ಮೀನುಗಳು ಎದ್ದೇ ಇರುತ್ತಿದ್ದವು, ಎಲ್ಲರಿಗೂ ಕಾಣುವ ಹಾಗೆ. ಜೋಡಿ ವಾಲುವುದು, ನೀಲಿಯ ಬಣ್ಣ ಮಾಸುವುದು, ಆ ಸೊಳ್ಳೆಪರದೆ, ಅವನ್ನು ಮತ್ತೆ ನಾನು ನೋಡಲೇ ಇಲ್ಲ.

ಈಗ ನಾನು ಬಬಲೇಶ್ವರದಲ್ಲಿ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಹೋದ ತಿಂಗಳು ಹಲ್ಲು ತೋರಿಸಲು ಅದೇ ದವಾಖಾನೆಗೆ ಹೋಗಿದ್ದೆ. ಸೋಫಾದ ಮೇಲೆ ಕೂತೆ. ಪೆಟ್ಟಿಗೆ ಎಂದೋ ಹೋಗಿದೆ, ಅದರ ಜಾಗದಲ್ಲಿ ದೊಡ್ಡ ಟೀವಿ. ಟೀವಿಯಲ್ಲಿ ಸಮುದ್ರದ ಮೀನುಗಳು ತಿರುಗಾಡುತ್ತವೆ, ತಿರುಗಾಡುತ್ತಲೇ ಇರುತ್ತವೆ, ಮಲಗುವ ಮಾತೇ ಇಲ್ಲ. ಪಕ್ಕದಲ್ಲಿ ಕೂತ ಹುಡುಗನೊಬ್ಬ ಅದನ್ನೇ ನೋಡುತ್ತಿದ್ದ. ಅವನಿಗೆ ಹೇಳಬೇಕು ಅನ್ನಿಸಿತು. ಏನಂತ ಹೇಳುವುದು?

ಆ ಕಾಲದ ಒಂದು ರಾತ್ರಿ, ಅವ್ವ ಚಾವಿ ಬೇಡ ಅಂದು ಒಂದು ವಾರ ಆಗಿತ್ತೇನೋ. ಮಲಗುವ ಹೊತ್ತಿಗೆ ನಾನು ಅವ್ವನಿಗೆ ಜೋತುಬಿದ್ದೆ. ಸಾಹೇಬರೇ ಕೊಡಲು ಬಂದರಲ್ಲ, ತಗೋ, ನನಗಾಗಿ ತಗೋ ಅಂತ ಕಾಡಿದೆ. ಅವ್ವ ತಡೆದು ತಡೆದು ಕೊನೆಗೆ ಕೇಳಿದಳು.

“ನಿನಗ ಮೀನ ಮಲಗೂದು ನೋಡೂದ ಬೇಕೋ, ನಿಮ್ಮವ್ವ ತಲಿ ಎತ್ತಿ ನಡ್ಯೂದ ಬೇಕೋ?”

“ಎರಡೂ ಬೇಕ,” ಅಂದೆ.

ಅವ್ವ ಗೋಡೆಯ ಕಡೆ ಹೊರಳಿ ಮಲಗಿದಳು. ಹಟಮಾರಿ ಹುಡುಗಿ ಅಂತ ನೀವೂ ಅಂದುಕೊಳ್ಳಿ. ಇಪ್ಪತ್ತೊಂದು ವರ್ಷದವಳಾಗಿ, ದುಡಿದು ತಿನ್ನುವವಳಾಗಿ, ಇವತ್ತು ಕೇಳಿದರೂ ನಾನು ಅದನ್ನೇ ಹೇಳುತ್ತೇನೆ. ಎರಡೂ ನಮ್ಮವೇ ಆಗಿದ್ದವು.